ಕಾಫಿ ಗಿಡದ ಒಂದೇ ರೆಕ್ಕೆಯಲ್ಲಿ (ಕೊಂಬೆಯಲ್ಲಿ) ಬಿಳಿ ಎಲೆ: ಇದು ಮ್ಯುಟೇಶನ್ನಾ, ಔಷಧಿ ಹೊಡೆದಿದ್ದಕ್ಕೆ ಹೀಗಾಯ್ತಾ?

ಮೂಡಿಗೆರೆ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ತೋಟ. ಅರೇಬಿಕಾ ಕಾಫಿ, ಎಲ್ಲಾ ಎಸ್ 795 ತಳಿ. ಮೊನ್ನೆ ಕಸಿ (ಬೇಡದ ರೆಂಬೆ ಕತ್ತರಿಸುವ ಕೆಲಸ) ಮಾಡಿಸುವಾಗ ಒಂದು ಗಿಡ ಕಣ್ಣಿಗೆ ಬಿತ್ತು. ಗಿಡವೆಲ್ಲಾ ಹಸಿರಾಗಿದೆ, ಒಂದು ರೆಕ್ಕೆ ಮಾತ್ರ ಬೇರೆ. ಅದರ ಕೆಲವು ಎಲೆ ಪೂರ್ತಿ ಬಿಳಿ. ಕೆಲವು ಅರ್ಧ ಬಿಳಿ, ಅರ್ಧ ಹಸಿರು. ನಡುವೆ ಅಡಿಪಟ್ಟಿ ಇಟ್ಟು ಗೆರೆ ಎಳೆದ ಹಾಗಿದೆ.

ಪಕ್ಕದ ತೋಟದ ಅಣ್ಣ ನೋಡಿ, "ನೀನು ಔಷಧಿ ಜಾಸ್ತಿ ಹೊಡೆದಿದ್ದೀಯ, ಅದಕ್ಕೇ ಹೀಗಾಗಿದೆ. ಕಡಿದು ಸುಟ್ಟುಬಿಡು, ಇಲ್ಲಾಂದ್ರೆ ತೋಟಕ್ಕೆಲ್ಲಾ ಹಬ್ಬುತ್ತೆ" ಅಂದರು. ಮಗಳು ಪಿಯುಸಿ ಓದುತ್ತಿದ್ದಾಳೆ. ಅವಳು ಇದು ಮ್ಯುಟೇಶನ್ ಅನ್ನುತ್ತಾಳೆ. ಹಾಗಂದ್ರೆ ಏನು? ಯಾಕೆ ಆಗುತ್ತೆ? ಕಡಿಯಬೇಕಾ, ಬಿಡಬೇಕಾ? ತಿಳಿದವರು ಹೇಳಿ.

ಆಲೂರು ರೈತ:
ಮ್ಯುಟೇಶನ್ ಅಂತ ನೋಡಿ ಪಹಣಿ ವಿಷಯ ಅಂದುಕೊಂಡು ತೆರೆದೆ ಅಣ್ಣ. ನಮ್ಮದೂ ತಾಲ್ಲೂಕು ಆಫೀಸಿನಲ್ಲಿ ಒಂದು ಮ್ಯುಟೇಶನ್ ಬಾಕಿ ಇದೆ. ಗಿಡಕ್ಕೂ ಮ್ಯುಟೇಶನ್ ಇದೆ ಅಂತ ಗೊತ್ತಿರಲಿಲ್ಲ. ಯಾರಾದರೂ ಬಿಡಿಸಿ ಹೇಳಿ, ನಾನೂ ಓದುತ್ತೇನೆ.

ಬಾಳೆಹೊನ್ನೂರು ಹಳಬ:
ಮೊದಲು ಒಂದು ವಿಷಯ ನೋಡಿಕೊಳ್ಳಿ. ಸತು ಕಡಿಮೆಯಾದರೂ ಕಾಫಿ ಎಲೆ ಬಿಳಿಚುತ್ತದೆ. ಆದರೆ ಆಗ ಎಲೆ ಸಣ್ಣದಾಗಿ, ಕಿರಿದಾಗಿ ಬರುತ್ತದೆ. ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿಯಾಗುತ್ತದೆ. ಒಂದೇ ಗಿಡದ ಒಂದೇ ರೆಕ್ಕೆಗೆ ಬರುವುದಿಲ್ಲ, ಸುತ್ತಲಿನ ಹತ್ತಾರು ಗಿಡದಲ್ಲಿ ಕಾಣಿಸುತ್ತದೆ. ನೀವು ಹೇಳಿದ ಹಾಗೆ ಗೆರೆ ಎಳೆದಂತೆ ಇದ್ದು, ಉಳಿದ ಗಿಡ ಚೆನ್ನಾಗಿದ್ದರೆ ನಿಮ್ಮ ಮಗಳು ಹೇಳಿದ್ದೇ ಸರಿ. ಔಷಧಿ ಸುಟ್ಟರೆ ಎಲೆ ಕಂದಾಗುತ್ತದೆ, ಅಂಚು ಒಣಗುತ್ತದೆ. ಹೀಗೆ ಅಚ್ಚುಕಟ್ಟಾಗಿ ಬಿಳಿಯಾಗುವುದಿಲ್ಲ.

ಅರಸೀಕೆರೆ ಬಯಾಲಜಿ:
ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಆಲೂರಿನ ಅಣ್ಣ ಪಹಣಿ ಅಂದದ್ದು ಒಳ್ಳೆಯದೇ ಆಯಿತು. ಅದನ್ನೇ ಹಿಡಿದು ಹೇಳುತ್ತೇನೆ.

ಕಂಪ್ಯೂಟರ್ ಬರುವ ಮುಂಚೆ ಪಹಣಿಯನ್ನು ಕೈಯಲ್ಲಿ ನಕಲು ಮಾಡುತ್ತಿದ್ದರು ಅಲ್ವಾ? ಒಂದು ಸಲ 18 ಗುಂಟೆ ಅನ್ನುವುದು 13 ಗುಂಟೆ ಅಂತ ಇಳಿದರೆ ಮುಂದಿನವರೂ 13 ಅಂತಲೇ ಬರೆಯುತ್ತಾರೆ. ಬರೆದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಕೈ ತಪ್ಪಿತು ಅಷ್ಟೆ. ಆದರೆ ಆ ತಪ್ಪು ಮೊಮ್ಮಕ್ಕಳ ಕಾಲದವರೆಗೂ ನಿಲ್ಲುತ್ತದೆ.

ಪ್ರತಿ ಜೀವಕೋಶದ ಒಳಗೂ ಇಂಥ ಒಂದು ದಾಖಲೆ ಇದೆ. ಅದೇ ಡಿಎನ್ಎ. ಅದರಲ್ಲಿ ನಾಲ್ಕೇ ಅಕ್ಷರ. ಮನುಷ್ಯನಿಗೆ ತಾಯಿಯಿಂದ ಸುಮಾರು 300 ಕೋಟಿ ಅಕ್ಷರ, ತಂದೆಯಿಂದ ಇನ್ನೊಂದು 300 ಕೋಟಿ ಬರುತ್ತದೆ. ಒಂದು ಕೋಶ ಎರಡಾಗುವಾಗ ಅಷ್ಟನ್ನೂ ನಕಲು ಮಾಡಬೇಕು. ತಪ್ಪು ಹುಡುಕಿ ತಿದ್ದುವ ವ್ಯವಸ್ಥೆ ಕೋಶದಲ್ಲೇ ಇದೆ, ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೂ ಒಂದೊಂದು ಉಳಿದುಬಿಡುತ್ತದೆ. ಹಾಗೆ ಉಳಿದ ಬದಲಾವಣೆಯೇ ಮ್ಯುಟೇಶನ್. ತಂದೆ ತಾಯಿ ಇಬ್ಬರಲ್ಲೂ ಇಲ್ಲದ ಹೊಸ ಬದಲಾವಣೆ ಪ್ರತಿ ಮಗುವಿನಲ್ಲೂ ಸುಮಾರು 60-70 ಇರುತ್ತವೆ. ಈ ಚರ್ಚೆ ಓದುತ್ತಿರುವ ಎಲ್ಲರಲ್ಲೂ ಇವೆ. ಹೆಚ್ಚಿನವು ಏನೂ ಮಾಡುವುದಿಲ್ಲ.

ಯಾಕೆ ಏನೂ ಮಾಡುವುದಿಲ್ಲ ಅಂದರೆ, ನಮ್ಮ ಕನ್ನಡದಲ್ಲೇ ನೋಡಿ. "ಕಾಫಿ" ಅನ್ನುವ ಕಡೆ "ಕಾಪಿ" ಅಂದರೂ ಲೋಟ ಕೈಗೆ ಬರುತ್ತದೆ. ಅಕ್ಷರ ಬದಲಾಯಿತು, ಅರ್ಥ ಬದಲಾಗಲಿಲ್ಲ. ಆದರೆ "ಹಾಲು" ಅನ್ನುವುದು "ಹಾಳು" ಆದರೆ? ಒಂದೇ ಅಕ್ಷರ, ಅರ್ಥವೇ ತಲೆಕೆಳಗು. ಇನ್ನೊಂದು ಬಗೆ ಇದೆ. ಡಿಎನ್ಎಯನ್ನು ಕೋಶ ಮೂರು ಮೂರು ಅಕ್ಷರವಾಗಿ ಓದುತ್ತದೆ. "ಕಮಲ ತೋಟಕೆ ನೀರನು ಹಾಕಲಿ" ಅಂತ ಇದೆ ಅಂದುಕೊಳ್ಳಿ. ಮೊದಲ ಪದದಿಂದ "ಮ" ಒಂದು ಬಿದ್ದುಹೋದರೆ "ಕಲತೋ ಟಕೆನೀ ರನುಹಾ ಕಲಿ" ಆಗುತ್ತದೆ. ಅಲ್ಲಿಂದ ಮುಂದೆ ಪೂರ್ತಿ ಕೆಟ್ಟಿತು. ಒಂದು ಅಕ್ಷರ ಬದಲಾಗುವುದಕ್ಕಿಂತ ಒಂದು ಬಿದ್ದುಹೋಗುವುದು ಎಷ್ಟೋ ಸಲ ಹೆಚ್ಚು ಅಪಾಯ.

ನಿಮ್ಮ ಗಿಡದಲ್ಲಿ ಆಗಿರುವುದು ಇಷ್ಟು. ಆ ರೆಕ್ಕೆ ಹೊರಡುವಾಗ ಮೊಗ್ಗಿನ ತುದಿಯಲ್ಲಿದ್ದ ಒಂದು ಕೋಶದಲ್ಲಿ ಹಸಿರು ಬಣ್ಣ ಮಾಡುವ ಜೀನ್, ಅಂದರೆ ಡಿಎನ್ಎಯಲ್ಲಿ ಆ ಕೆಲಸದ ಸೂಚನೆ ಇರುವ ಭಾಗ, ಕೆಟ್ಟಿದೆ. ಅದರಿಂದ ಹುಟ್ಟಿದ ಕೋಶಗಳೆಲ್ಲಾ ಬಿಳಿ. ಪಕ್ಕದ ಕೋಶದಿಂದ ಹುಟ್ಟಿದವು ಹಸಿರು. ಅದಕ್ಕೇ ನಡುವೆ ಗೆರೆ. ಇದು ರೋಗ ಅಲ್ಲ. ಹಬ್ಬುವುದಿಲ್ಲ. ಕಡಿಯಬೇಕಾಗಿಲ್ಲ.

ಮೂಡಿಗೆರೆ ತೋಟ:
ಮೇಡಂ, ನಿಮ್ಮದನ್ನು ಮಗಳಿಗೆ ಓದಿ ಹೇಳಿದೆ. ಬಹಳ ಖುಷಿಪಟ್ಟಳು. ಅವಳದೊಂದು ಪ್ರಶ್ನೆ: ಈ ರೆಕ್ಕೆಯ ಹಣ್ಣಿನ ಬೀಜ ಹಾಕಿದರೆ ಬಿಳಿ ಗಿಡ ಬರುತ್ತಾ?

ಅರಸೀಕೆರೆ ಬಯಾಲಜಿ:
ಬದಲಾವಣೆ ಯಾವ ಪದರದ ಕೋಶದಲ್ಲಿ ಆಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಬೀಜ ಆಗುವ ಕೋಶಗಳಿಗೂ ತಲುಪಿದ್ದರೆ ಕೆಲವು ಸಸಿ ಬಿಳಿಯಾಗಿ ಹುಟ್ಟಬಹುದು. ಆದರೆ ಪೂರ್ತಿ ಬಿಳಿ ಸಸಿ ಬದುಕುವುದಿಲ್ಲ. ಅದಕ್ಕೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳಲು ಆಗುವುದಿಲ್ಲ. ಬೀಜದಲ್ಲಿದ್ದ ಬುತ್ತಿ ಮುಗಿಯುವವರೆಗೆ ಇರುತ್ತದೆ, ಆಮೇಲೆ ಬಾಡುತ್ತದೆ. ನಿಮ್ಮ ಬಿಳಿ ರೆಕ್ಕೆ ಬದುಕಿರುವುದು ಉಳಿದ ಹಸಿರು ಗಿಡ ಅದನ್ನು ಸಾಕುತ್ತಿರುವುದರಿಂದ.

ಮನುಷ್ಯರಲ್ಲೂ ಇದೇ ಭೇದ. ಚರ್ಮದ ಕೋಶದಲ್ಲೋ ಶ್ವಾಸಕೋಶದಲ್ಲೋ ಆದ ಬದಲಾವಣೆ ಆ ವ್ಯಕ್ತಿಯಲ್ಲೇ ಉಳಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ಅಂಡಾಣು ಅಥವಾ ವೀರ್ಯಾಣುವಿನಲ್ಲಿ ಆದದ್ದು ಮಾತ್ರ ಹೋಗುತ್ತದೆ.

ಬಾಳೆಹೊನ್ನೂರು ಹಳಬ:
ನಮ್ಮ ಕಾಫಿಯಲ್ಲಿ ಇಂಥವು ಬಹಳ ಇವೆ. ಸ್ಯಾನ್ ರಮೊನ್ ಅಂತ ಗಿಡ್ಡ ಜಾತಿ ಇದೆ, ಅದು ಮ್ಯುಟೇಶನ್. ನೇರಳೆ ಎಲೆಯ ಪರ್ಪ್ಯುರಾಸೆನ್ಸ್ ಅಂತ ಇದೆ, ಅದೂ ಮ್ಯುಟೇಶನ್. ನಮ್ಮಲ್ಲಿ ಎಷ್ಟೋ ಜನ ಹಾಕಿರುವ ಕಾವೇರಿ ತಳಿಯ ಒಂದು ಕಡೆಯ ಪೂರ್ವಜ ಕಟುರಾ. ಅದು ಬ್ರೆಜಿಲ್‌ನಲ್ಲಿ ಬೂರ್ಬನ್ ಕಾಫಿಯಲ್ಲಿ ತಾನಾಗಿ ಬಂದ ಗಿಡ್ಡ ಗಿಡ. ಒಂದೇ ಜೀನ್ ಬದಲಾಗಿದ್ದಕ್ಕೆ ಗೆಣ್ಣಿನ ಅಂತರ ಕಡಿಮೆಯಾಯಿತು, ಗಿಡ ಒತ್ತಾಯಿತು.

ಪೀಬೇರಿಯನ್ನೂ ಕೆಲವರು ಮ್ಯುಟೇಶನ್ ಅಂತಾರೆ, ಅದು ತಪ್ಪು. ಹಣ್ಣಿನೊಳಗೆ ಎರಡು ಬೇಳೆ ಆಗಬೇಕಾದ ಕಡೆ ಒಂದು ಬೆಳೆಯದೆ ಹೋದರೆ ಉಳಿದದ್ದು ಗುಂಡಗಾಗುತ್ತದೆ, ಅಷ್ಟೇ. ಪೀಬೇರಿ ಬಿತ್ತಿದರೆ ಪೀಬೇರಿ ಗಿಡ ಬರುವುದಿಲ್ಲ.

ನನಗೆ ಈ ವಿಷಯದಲ್ಲಿ ಮನಸ್ಸಿಗೆ ನಾಟಿದ್ದು ಎಲೆ ತುಕ್ಕು, ಅಂದರೆ ಶಿಲೀಂಧ್ರದಿಂದ ಕಾಫಿ ಎಲೆಗೆ ಬರುವ ರೋಗ. 1869ರಲ್ಲಿ ಸಿಲೋನ್‌ನ (ಈಗಿನ ಶ್ರೀಲಂಕಾ) ಕಾಫಿಗೆ ಅದು ಬಿತ್ತು, ಕೆಲವು ವರ್ಷದಲ್ಲಿ ಅವರು ಕಾಫಿ ಬಿಟ್ಟು ಟೀ ಹಿಡಿದರು. ನಮ್ಮ ಕಡೆ 20ನೇ ಶತಮಾನದ ಆರಂಭದಲ್ಲಿ ಕೆಂಟ್ ಎನ್ನುವ ಪ್ಲಾಂಟರ್ ತುಕ್ಕು ಹಿಡಿಯದ ಗಿಡ ಆರಿಸಿ ಬೆಳೆಸಿದರು. ಎಲ್ಲರೂ ಕೆಂಟ್ಸ್ ಹಾಕಿದರು. ಸ್ವಲ್ಪ ವರ್ಷ ಚೆನ್ನಾಗಿತ್ತು, ಆಮೇಲೆ ಅದಕ್ಕೂ ತುಕ್ಕು ಬಂತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆಯಿತು. 1940ರ ದಶಕದಲ್ಲಿ ಅಲ್ಲಿಂದ ಎಸ್ 795 ಬಂತು. ಅದರ ರಕ್ತದಲ್ಲಿ ಲೈಬೀರಿಕಾ ಕಾಫಿಯ ತುಕ್ಕು ತಡೆಯುವ ಜೀನ್ ಇದೆ. ಅದೂ ದಶಕಗಟ್ಟಲೆ ನಡೆಯಿತು. ಈಗ ನೋಡಿ, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯದೆ 795 ಉಳಿಸಿಕೊಳ್ಳಲು ಆಗುತ್ತಾ?

ಗಿಡ ಬದಲಾಗಲಿಲ್ಲ. ತುಕ್ಕು ಬದಲಾಯಿತು. ಒಂದೊಂದು ಕಿತ್ತಳೆ ಚುಕ್ಕೆಯಿಂದ ಲಕ್ಷಗಟ್ಟಲೆ ಬೀಜಕಣ ಹೊರಡುತ್ತವೆ. ಅಷ್ಟರಲ್ಲಿ ಯಾವುದೋ ಒಂದರ ನಕಲು ತಪ್ಪಿ, ಆ ತಪ್ಪು 795ರ ಬೀಗಕ್ಕೆ ಸರಿಯಾದ ಕೀಲಿ ಆಗಿಬಿಡುತ್ತದೆ. ಪ್ರಪಂಚದಲ್ಲಿ ಈಗ ಈ ತುಕ್ಕಿನ 50ಕ್ಕೂ ಹೆಚ್ಚು ಬಗೆ ಗುರುತಿಸಿದ್ದಾರೆ.

ಆಲೂರು ರೈತ:
ಹಿರಿಯರು ಹೇಳಿದ್ದು ಓದಿ ಹೊಟ್ಟೆ ಉರಿಯಿತು. ನಮ್ಮ ಆಲೂಗಡ್ಡೆಯ ಕಥೆಯೂ ಇದೇ. ಕುಫ್ರಿ ಜ್ಯೋತಿ ತಳಿಗೆ ಅಂಗಮಾರಿ ರೋಗ ಬರಲ್ಲ ಅಂತ ಅಪ್ಪನ ಕಾಲದಲ್ಲಿ ಹೇಳುತ್ತಿದ್ದರಂತೆ. ಈಗ ಜುಲೈ ತಿಂಗಳಲ್ಲಿ ನಾಲ್ಕು ದಿನ ಮೋಡ ಮುಚ್ಚಿ ಸೋನೆ ಹಿಡಿದರೆ ಸಾಕು, ಒಂದು ವಾರದಲ್ಲಿ ಹೊಲ ಸುಟ್ಟ ಹಾಗೆ ಆಗುತ್ತದೆ. ಜಲಂಧರದ ಬಿತ್ತನೆಗೆ ಸಾಲ ಮಾಡಿ ದುಡ್ಡು ಹಾಕಿರುತ್ತೇವೆ. ಮೆಟಲಾಕ್ಸಿಲ್ ಹೊಡೆದರೂ ಕೇಳುವುದಿಲ್ಲ. ನನ್ನ ಪ್ರಶ್ನೆ ಇದು. ನಾವು ಔಷಧಿ ಹೊಡೆದೂ ಹೊಡೆದೂ ರೋಗವನ್ನು ಬದಲಾಯಿಸಿದ್ದೀವಾ? ತಪ್ಪು ನಮ್ಮದೇನಾ?

ಅರಸೀಕೆರೆ ಬಯಾಲಜಿ:
ಅಣ್ಣ, ಎಲ್ಲರೂ ಎಡವುವುದು ಇಲ್ಲೇ. ನನ್ನ ವಿದ್ಯಾರ್ಥಿಗಳಿಗೆ ವರ್ಷವೆಲ್ಲಾ ಹೇಳುವುದೂ ಇದನ್ನೇ.

ಔಷಧಿ ಆ ಬದಲಾವಣೆಯನ್ನು ಹುಟ್ಟಿಸಲಿಲ್ಲ. ಬೇಕು ಅಂತ ಮ್ಯುಟೇಶನ್ ಬರುವುದಿಲ್ಲ, ಬೇಡ ಅಂದರೆ ನಿಲ್ಲುವುದೂ ಇಲ್ಲ. ಔಷಧಿ ಹೊಡೆಯುವ ಮುಂಚೆಯೇ ರೋಗದ ಕೋಟಿಗಟ್ಟಲೆ ಬೀಜಕಣಗಳಲ್ಲಿ ಎಲ್ಲೋ ಒಂದೆರಡು ಅದನ್ನು ತಡೆದುಕೊಳ್ಳುವಂಥವು ಇದ್ದವು. ಔಷಧಿ ಬಿದ್ದಾಗ ಉಳಿದವು ಸತ್ತವು, ಇವಕ್ಕೆ ಹೊಲ ಖಾಲಿ ಸಿಕ್ಕಿತು. ಆರಿಸಿದ್ದು ಮಾತ್ರ ನಾವು. ಅದಕ್ಕೇ ಒಂದೇ ಔಷಧಿಯನ್ನು ಸಲಸಲಕ್ಕೂ ಹೊಡೆಯಬೇಡಿ, ಬೇರೆ ಬೇರೆ ರೀತಿ ಕೆಲಸ ಮಾಡುವುದನ್ನು ಬದಲಿಸಿ ಹೊಡೆಯಿರಿ ಅಂತ ಕೃಷಿ ವಿಜ್ಞಾನಿಗಳು ಹೇಳುವುದು. ಒಂದನ್ನು ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗುತ್ತದೆ. ನಿಮ್ಮನ್ನು ತಪ್ಪಿತಸ್ಥ ಅಂತ ನಾನಂತೂ ಹೇಳುವುದಿಲ್ಲ.

ತರೀಕೆರೆ ಹುಡುಗ:
ಭದ್ರಾ ಕಾಡಿನ ಕರಿಚಿರತೆ ಬೇರೆ ಜಾತಿ ಅಲ್ವಾ ಮೇಡಂ? ನಮ್ಮೂರಲ್ಲಿ ಹಾಗೇ ಹೇಳ್ತಾರೆ.

ಅರಸೀಕೆರೆ ಬಯಾಲಜಿ:
ಅಲ್ಲಪ್ಪ, ಅದೂ ಚಿರತೆಯೇ. ಬಣ್ಣದ ಒಂದು ಜೀನ್ ಕೆಟ್ಟು ಮೈ ಕಪ್ಪಾಗಿದೆ. ಬಿಸಿಲಲ್ಲಿ ಸರಿಯಾಗಿ ನೋಡಿದರೆ ಕಪ್ಪಿನ ಒಳಗೂ ಚುಕ್ಕೆ ಕಾಣುತ್ತದೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಮರಿ ಕಪ್ಪು. ಹಾಗಾಗಿ ಚುಕ್ಕೆ ಇರುವ ಎರಡು ಚಿರತೆಗೂ ಕಪ್ಪು ಮರಿ ಹುಟ್ಟಬಹುದು. ಮಲೆನಾಡಿನ ದಟ್ಟ ನೆರಳಿನಲ್ಲಿ ಅದಕ್ಕೆ ತೊಂದರೆ ಇಲ್ಲ, ಉಳಿದುಕೊಂಡಿದೆ.

ಸಕಲೇಶಪುರ ಕಾಡಂಚು:
ಆನೆ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಕಡೆ ದಂತ ಇಲ್ಲದ ಗಂಡಾನೆ, ಮಖನಾ, ಆಗಾಗ ಬರುತ್ತದೆ. ದಂತಕ್ಕಾಗಿ ಕೊಂದೂ ಕೊಂದೂ ಆನೆಗಳು ತಾವೇ ದಂತ ಬಿಡುವುದನ್ನು ನಿಲ್ಲಿಸಿವೆ ಅಂತ ಒಬ್ಬರು ಹೇಳಿದರು. ನಿಜವಾ?

ಅರಸೀಕೆರೆ ಬಯಾಲಜಿ:
ಆನೆ ಯೋಚಿಸಿ ನಿಲ್ಲಿಸುವುದಿಲ್ಲ. ಅಂಗಮಾರಿಗೆ ಹೇಳಿದ್ದೇ ಇಲ್ಲಿಗೂ ಅನ್ವಯ. ಮೊಜಾಂಬಿಕ್ ದೇಶದ ಗೊರೊಂಗೊಸಾ ಕಾಡಿನಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ದಂತ ಮಾರಿ ಯುದ್ಧ ನಡೆಸಲು ನೂರಕ್ಕೆ 90ಕ್ಕೂ ಹೆಚ್ಚು ಆನೆ ಕೊಂದರು. ಯುದ್ಧಕ್ಕೆ ಮುಂಚೆ ಹೆಣ್ಣಾನೆಗಳಲ್ಲಿ ಶೇಕಡ 18.5ರಷ್ಟಕ್ಕೆ ದಂತ ಇರಲಿಲ್ಲ. ಯುದ್ಧದ ನಂತರ ಅದು ಶೇಕಡ 51ರ ಹತ್ತಿರ ಹೋಯಿತು. ದಂತ ಇಲ್ಲದ್ದನ್ನು ಬೇಟೆಗಾರ ಬಿಟ್ಟ, ಅದರ ಮರಿಗಳು ಹೆಚ್ಚಾದವು. 2021ರಲ್ಲಿ ಇದರ ಹಿಂದಿನ ಜೀನ್‌ಗಳ ಸುಳಿವೂ ಸಿಕ್ಕಿತು. ಆದರೆ ಅದು ಆಫ್ರಿಕಾದ ಆನೆ. ನಮ್ಮ ಹೆಣ್ಣಾನೆಗಳಿಗೆ ಹೊರಗೆ ಕಾಣುವ ದಂತ ಮೊದಲಿಂದಲೂ ಇಲ್ಲ. ಅಲ್ಲಿಯ ಲೆಕ್ಕವನ್ನು ನಮ್ಮ ಮಖನಾಗೆ ಹಾಗೇ ತಂದು ಹಚ್ಚುವುದು ಸರಿಯಲ್ಲ.

ಹಾಸನ ಲ್ಯಾಬ್:
ಕಾರಣಗಳ ಬಗ್ಗೆ ಒಂದೆರಡು ಮಾತು. ನಕಲಿನ ತಪ್ಪು ಒಂದು, ಹೊರಗಿನ ಪೆಟ್ಟು ಇನ್ನೊಂದು. 1927ರಲ್ಲಿ ಹರ್ಮನ್ ಮುಲ್ಲರ್ ಹಣ್ಣಿನ ನೊಣಕ್ಕೆ ಎಕ್ಸ್‌ರೇ ಬಿಟ್ಟು ಮ್ಯುಟೇಶನ್ ಹೆಚ್ಚಾಗುವುದನ್ನು ತೋರಿಸಿದರು. 1946ರಲ್ಲಿ ಅವರಿಗೆ ನೊಬೆಲ್ ಬಂತು. ಬಿಸಿಲಿನ ನೇರಳಾತೀತ ಕಿರಣ, ಬೀಡಿ ಸಿಗರೇಟಿನ ಹೊಗೆ, ಬೂಷ್ಟು ಹಿಡಿದ ಕಡಲೆಕಾಯಿಯ ಅಫ್ಲಾಟಾಕ್ಸಿನ್ ವಿಷ, ಇವೆಲ್ಲಾ ಡಿಎನ್ಎ ಕೆಡಿಸುತ್ತವೆ. ಮೊಬೈಲ್ ಟವರ್ ಬಗ್ಗೆ ಜನ ನನ್ನನ್ನು ದಿನಾ ಕೇಳುತ್ತಾರೆ. ಅದರ ಅಲೆಗೆ ಡಿಎನ್ಎ ಕೊಂಡಿ ಮುರಿಯುವಷ್ಟು ಶಕ್ತಿ ಇಲ್ಲ.

ಇನ್ನು ಅಡಿಕೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಬರೀ ಅಡಿಕೆಯನ್ನೂ ಕ್ಯಾನ್ಸರ್ ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಕೊಪ್ಪದ ಅಡಿಕೆ:
ಎಲ್ಲಾ ಬಿಟ್ಟು ಕೊನೆಗೆ ಅಡಿಕೆ ಮೇಲೆ ಗೂಬೆ ಕೂರಿಸಿದಿರಿ. ನಮ್ಮ ಅಜ್ಜಿ 90 ದಾಟುವವರೆಗೆ ಎಲೆ ಅಡಿಕೆ ಹಾಕಿದರು, ಏನೂ ಆಗಲಿಲ್ಲ. ಇಲ್ಲಿ ಹಳದಿ ಎಲೆ ರೋಗ ಬಂದು ತೋಟವೇ ಹೋಗುತ್ತಿದೆ. ಶೃಂಗೇರಿ, ಕೊಪ್ಪದವರಿಗೆ ಅಡಿಕೆ ಬಿಟ್ಟರೆ ಬೇರೆ ಗತಿ ಇಲ್ಲ. ಗುಟ್ಕಾದ ತಂಬಾಕಿನ ಪಾಪವನ್ನೂ ನಮ್ಮ ತಲೆಗೆ ಕಟ್ಟುತ್ತಾರೆ.

ಹಾಸನ ಲ್ಯಾಬ್:
ಸರ್, ನನ್ನ ತವರೂ ಅಡಿಕೆ ಮನೆಯೇ. ಅಡಿಕೆ ದುಡ್ಡಿನಲ್ಲಿ ಓದಿದವಳು ನಾನು. ನಿಮ್ಮ ಸಂಕಟ ನನಗೆ ಗೊತ್ತು. ಆದರೆ ಬಾಯಿ ತೆರೆಯಲು ಆಗದೆ ಬರುವ ಹುಡುಗರನ್ನೂ ನೋಡಿದ್ದೇನೆ. ಅಡಿಕೆಯ ಅರೆಕೋಲಿನ್ ಅನ್ನುವ ಅಂಶ ಬಾಯಲ್ಲಿ ನೈಟ್ರೊಸಮೀನ್ ಅನ್ನುವ ವಿಷ ಆಗುತ್ತದೆ, ಅದು ಡಿಎನ್ಎಗೆ ಅಂಟಿಕೊಳ್ಳುತ್ತದೆ. ತಂಬಾಕು ಸೇರಿದರೆ ಅಪಾಯ ಬಹಳ ಜಾಸ್ತಿ, ಅದನ್ನು ಒಪ್ಪುತ್ತೇನೆ. ಅಜ್ಜಿಗೆ ಆಗಲಿಲ್ಲ, ಸಂತೋಷ. ಕ್ಯಾನ್ಸರ್ ಆಗಲು ಒಂದೇ ಕೋಶದಲ್ಲಿ ಹಲವು ತಪ್ಪು ಒಟ್ಟುಗೂಡಬೇಕು. ಒಬ್ಬರಲ್ಲಿ ಕೂಡುತ್ತವೆ, ಒಬ್ಬರಲ್ಲಿ ಕೂಡುವುದಿಲ್ಲ. ದಿನಾ ಜಗಿದಷ್ಟೂ ಆ ಸಂಭವ ಏರುತ್ತದೆ. ಸತ್ಯವನ್ನು ಮುಚ್ಚಿಟ್ಟು ಬೆಳೆಗಾರರನ್ನು ಉಳಿಸಲು ಆಗುವುದಿಲ್ಲ.

ಕೊಪ್ಪದ ಅಡಿಕೆ:
ಪೂರ್ತಿ ಒಪ್ಪಲು ನನಗೆ ಕಷ್ಟ. ಆದರೆ ನೀವು ಹೇಳಿದ ರೀತಿಗೆ ಗೌರವ ಇದೆ ತಂಗಿ. ಹಳದಿ ಎಲೆಯೂ ಮ್ಯುಟೇಶನ್ನಾ?

ಬಾಳೆಹೊನ್ನೂರು ಹಳಬ:
ಅಲ್ಲ. ಅದು ಫೈಟೊಪ್ಲಾಸ್ಮಾ ಅನ್ನುವ ಸಣ್ಣ ಜೀವಿಯಿಂದ ಬರುವ ರೋಗ. ಅಡಿಕೆಯಲ್ಲಿ ಮ್ಯುಟೇಶನ್ ನೋಡಬೇಕು ಅಂದರೆ ಹಿರೇಹಳ್ಳಿ ಕುಬ್ಜ ನೋಡಿ. ತುಮಕೂರು ಕಡೆಯ ಹಿರೇಹಳ್ಳಿಯಲ್ಲಿ ತಾನಾಗಿ ಬಂದ ಗಿಡ್ಡ ಮರ. ಅದನ್ನು ಬಳಸಿ ವಿಟ್ಲದಲ್ಲಿ ಗಿಡ್ಡ ಹೈಬ್ರಿಡ್ ಮಾಡಿದ್ದಾರೆ. ಕೊನೆಗಾರರು (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು) ಸಿಗದ ಈ ಕಾಲದಲ್ಲಿ ಅದು ದೊಡ್ಡ ಉಪಕಾರ.

ಬೇಲೂರಿನ ಅಮ್ಮ:
ಮೂರು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಇದ್ದೆ. ನನ್ನ ಮಗಳಿಗೆ ಎರಡೂವರೆ ವರ್ಷ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನನ್ನ ಮದುವೆ ಸೋದರಮಾವನ ಜೊತೆ ಆದದ್ದು. ಹಾಗಾಗಿ ನಮ್ಮತ್ತೆ ಅಂದರೆ ನನ್ನ ಅಜ್ಜಿಯೇ. ಬಸುರಿ ಇದ್ದಾಗ ಗ್ರಹಣದ ದಿನ ನಾನು ಹಿತ್ತಿಲಿಗೆ ಹೋಗಿದ್ದೆ, ಅದಕ್ಕೇ ಮಗು ಹೀಗೆ ಅಂತ ಮನೆಯಲ್ಲಿ ಹೇಳುತ್ತಾರೆ. ಬಟ್ಟೆ ಒಣಗಿತ್ತು, ತರಲು ಹೋಗಿದ್ದೆ. ಐದು ನಿಮಿಷ. ರಾತ್ರಿ ಮಲಗಿದಾಗ ಆ ಐದು ನಿಮಿಷ ನೆನಪಾಗುತ್ತದೆ. ಮೇಡಂ, ಗ್ರಹಣದ ಬೆಳಕಿನಿಂದ ಮ್ಯುಟೇಶನ್ ಆಗುತ್ತಾ?

ಅರಸೀಕೆರೆ ಬಯಾಲಜಿ:
ಆಗುವುದಿಲ್ಲಮ್ಮ. ಖಂಡಿತ ಆಗುವುದಿಲ್ಲ. ಗ್ರಹಣದ ದಿನ ಬರುವುದು ದಿನಾ ಬರುವ ಅದೇ ಬಿಸಿಲು, ಅದೂ ಕಡಿಮೆ. ಬಿಸಿಲಿನ ಕಿರಣ ಚರ್ಮ ದಾಟಿ ಹೊಟ್ಟೆಯೊಳಗೆ ಹೋಗುವುದಿಲ್ಲ. ಆ ಐದು ನಿಮಿಷಕ್ಕೂ ಮಗುವಿನ ಕಿವಿಗೂ ಏನೂ ಸಂಬಂಧ ಇಲ್ಲ.

ಹುಟ್ಟು ಕಿವುಡಿಗೆ ಕಾರಣ ಹಲವು. ಬಸುರಿಯಲ್ಲಿ ರುಬೆಲ್ಲಾ ಅನ್ನುವ ವೈರಸ್ ಸೋಂಕು ಬಂದಿದ್ದರೆ ಆಗಬಹುದು. ಹುಟ್ಟಿದ ಮೇಲೆ ಕಾಮಾಲೆ ತೀರಾ ಹೆಚ್ಚಾಗಿದ್ದರೂ ಆಗಬಹುದು. ಎಷ್ಟೋ ಮಕ್ಕಳಲ್ಲಿ ಜೀನ್ ಕಾರಣ. ಒಳಕಿವಿಗೆ ಬೇಕಾದ ಕನೆಕ್ಸಿನ್ 26 ಅನ್ನುವ ಪ್ರೊಟೀನ್ ಇದೆ. ಅದರ ಜೀನ್‌ನಲ್ಲಿ 71ನೇ ಅಕ್ಷರ ಒಂದು ಬದಲಾದರೆ, ಆ ಜಾಗದಲ್ಲಿ "ಇಲ್ಲಿಗೆ ನಿಲ್ಲಿಸು" ಅನ್ನುವ ಸೂಚನೆ ಬಂದುಬಿಡುತ್ತದೆ. ಪ್ರೊಟೀನ್ ಅರ್ಧದಲ್ಲೇ ನಿಲ್ಲುತ್ತದೆ. ಭಾರತದ ಕಿವುಡು ಮಕ್ಕಳಲ್ಲಿ ಇದು ಆಗಾಗ ಸಿಗುವ ಬದಲಾವಣೆ. ನಿಮ್ಮ ಮಗಳಲ್ಲಿ ಇದೇ ಅಂತ ನಾನು ಹೇಳಲಾರೆ, ಪರೀಕ್ಷೆ ಮಾಡಿಯೇ ತಿಳಿಯಬೇಕು.

ಇಂಥ ಜೀನ್‌ನ ಒಂದು ಪ್ರತಿ ಕೆಟ್ಟಿದ್ದರೆ ಏನೂ ಗೊತ್ತಾಗುವುದಿಲ್ಲ, ಕಿವಿ ಚೆನ್ನಾಗಿಯೇ ಕೇಳುತ್ತದೆ. ಎರಡೂ ಕೆಟ್ಟರೆ ಮಾತ್ರ ತೊಂದರೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ, ಪ್ರತಿ ಬಸುರಿಯಲ್ಲೂ ಮಗುವಿಗೆ ಎರಡೂ ಬರುವ ಸಂಭವ ನಾಲ್ಕರಲ್ಲಿ ಒಂದು. ಸಂಬಂಧದ ಮದುವೆ ಮ್ಯುಟೇಶನ್ ಹುಟ್ಟಿಸುವುದಿಲ್ಲ. ಒಂದೇ ಅಜ್ಜ ಅಜ್ಜಿಯಿಂದ ಬಂದ ಪ್ರತಿ ಎರಡೂ ಕಡೆಯಿಂದ ಸೇರುವ ಅವಕಾಶ ಹೆಚ್ಚಾಗುತ್ತದೆ, ಅಷ್ಟು. ನಿಮಗೂ ಗೊತ್ತಿರಲಿಲ್ಲ, ನಿಮ್ಮ ಯಜಮಾನರಿಗೂ ಗೊತ್ತಿರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ.

ಈಗ ಮುಖ್ಯವಾದದ್ದು ಸಮಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೇಗ ಕರೆದುಕೊಂಡು ಹೋಗಿ. ಚಿಕ್ಕ ವಯಸ್ಸಿನಲ್ಲಿ ಕಿವಿಗೆ ಶಬ್ದ ತಲುಪಿಸಿದಷ್ಟೂ ಮಾತು ಚೆನ್ನಾಗಿ ಬರುತ್ತದೆ. ಹೋಗುವ ಮುಂಚೆ ಮನೆಯ ವಂಶಾವಳಿ ಬರೆದುಕೊಳ್ಳಿ. ಅಜ್ಜಿಯ ಕಡೆ, ಅಜ್ಜನ ಕಡೆ, ಯಾರಿಗಾದರೂ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲವಾ ಅಂತ ಕೇಳಿ.

ಮೂಡಿಗೆರೆ ತೋಟ:
ಅಕ್ಕ, ನೀವು ಬರೆದದ್ದು ಒಳ್ಳೆಯದಾಯಿತು. ನನ್ನ ಬಿಳಿ ರೆಕ್ಕೆಗೆ ಕೆಂಪು ಬಟ್ಟೆ ಕಟ್ಟಿದ್ದೇನೆ, ಕಸಿಯವರು ಕಡಿಯದಿರಲಿ ಅಂತ. ಮಗಳು ವಾರಕ್ಕೊಂದು ಫೋಟೊ ತೆಗೆಯುತ್ತಾಳಂತೆ.

ಬೇಲೂರಿನ ಅಮ್ಮ:
ನಿನ್ನೆ ಸಂಜೆ ಅಜ್ಜಿಯ ಹತ್ತಿರ ಕೂತು ಒಬ್ಬೊಬ್ಬರ ಹೆಸರೂ ಬರೆದೆ. ಮೊದಲು ಯಾರೂ ಇಲ್ಲ ಅಂದರು. ಆಮೇಲೆ ಸುಮ್ನೆ ಕೂತಿದ್ದವರು, "ನನಗೊಬ್ಬ ತಮ್ಮ ಇದ್ದ, ಮಾತು ಬರುತ್ತಿರಲಿಲ್ಲ" ಅಂದರು. ಹತ್ತು ವರ್ಷದವನಿದ್ದಾಗ ಜ್ವರ ಬಂದು ತೀರಿಕೊಂಡನಂತೆ. ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ. "ನಮ್ಮಮ್ಮನಿಗೂ ಗ್ರಹಣ ಅಂತಲೇ ಹೇಳಿದ್ದರು" ಅಂದರು. ಆಮೇಲೆ ಮಗುವನ್ನು ಎತ್ತಿಕೊಂಡು ಜಗುಲಿಗೆ ಹೋದರು.

ಸೋಮವಾರ ಮೈಸೂರಿಗೆ ಹೊರಟಿದ್ದೇವೆ. ಅಜ್ಜಿಯೂ ಬರುತ್ತೇನೆ ಅಂದಿದ್ದಾರೆ. ಬೇಲೂರಿಂದ ಹೋಗುವುದು ಹೇಗೆ ಸುಲಭ?

ಅರಸೀಕೆರೆ ಬಯಾಲಜಿ:
ಅಜ್ಜಿಯ ತಮ್ಮನನ್ನೂ ವಂಶಾವಳಿಯಲ್ಲಿ ಬರೆಯಿರಿ. ಡಾಕ್ಟರಿಗೆ ಅದು ಬಹಳ ಮುಖ್ಯ. ಹಾಸನಕ್ಕೆ ಬನ್ನಿ, ಅಲ್ಲಿಂದ ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಮೈಸೂರು. ರೈಲೂ ಅದೇ ದಾರಿ. ಮಗುವಿನ ಹಳೆಯ ಪರೀಕ್ಷೆಯ ಕಾಗದ ಏನಿದ್ದರೂ ಎಲ್ಲಾ ಇಟ್ಟುಕೊಳ್ಳಿ.

ಹಾಸನ ಲ್ಯಾಬ್:
ಬೇಲೂರಿನ ಅಕ್ಕ, ಅಜ್ಜಿ ಇದ್ದಾರಲ್ಲ, ಹಾಸನದಲ್ಲಿ ಬಸ್ಸು ಬದಲಿಸುವಾಗ ಏನಾದರೂ ಬೇಕಿದ್ದರೆ ಇಲ್ಲಿ ಒಂದು ಮಾತು ಬರೆಯಿರಿ. ಸೋಮವಾರ ಬೆಳಗ್ಗೆ ನಾನು ಊರಲ್ಲೇ ಇರುತ್ತೇನೆ.